ಚೌಕಟ್ಟಿನೊಳಗಿನ ಬಾಯಿ

ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೆ ನನ್ನ ಮೀಸೆಯ ಬಲಗಡೆ ಬೋಳಿಸಿ, ಎಡಗಡೆ ಹಾಗೇ ಬಿಟ್ಟು, ಸಂತೆ ತುಂಬ ಸುತ್ತಿಸಿ. ಮೀಸೆಯೂ ಸಾಮಾನ್ಯದ್ದಲ್ಲ, ಬೇಸಿಗೆಯಲ್ಲಿ ಇದರ ನೆರಳಿಗೆ ಎಮ್ಮೆಗಳು ಬಂದು ಮಲಗುತ್ತವೆ. ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ ಅಂತ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಸುಳ್ಳನ್ನು ಅಷ್ಟು ಚೆನ್ನಾಗಿ ಬಲ್ಲವನಿಗೆ ತಾನೇ ನಿಜ ಯಾವುದು ಅಂತ ಗೊತ್ತಾಗುವುದು? ನಂಬಿ ಕೇಳಿ.

ನದಿಯ ತಿರುವಿನಲ್ಲಿ ಒಂದು ಊರು. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ನನ್ನನ್ನು ನೋಡಲು ಬಂದುಬಿಡುತ್ತಾರೆ. ಅವರ ಕಣ್ಣಿಗೆ ಬೀಳುವುದು ಅಷ್ಟು ಒಳ್ಳೆಯದಲ್ಲ.

ಊರ ನಡುವೆ ಒಂದು ಕಲ್ಲಿನ ಕಟ್ಟೆ. ಸಂಜೆಯಾದರೆ ಕಟ್ಟೆಯ ಮೇಲೆ ಒಬ್ಬ ನಿಲ್ಲುತ್ತಿದ್ದ. ಅವನ ಕೈಯಲ್ಲಿ ಮರದ ಪಟ್ಟಿಗಳನ್ನು ಸೇರಿಸಿ ಬಡಿದ ಚೌಕಟ್ಟು. ಅದಕ್ಕೆ ಗಾಜಿಲ್ಲ, ಹಿಂದೆ ಹಲಗೆಯಿಲ್ಲ. ಈ ಕಡೆಯಿಂದ ಆ ಕಡೆಗೆ ಗಾಳಿ ಓಡಾಡುವ ಬರೀ ಚೌಕಟ್ಟು. ಅವನನ್ನು ಎಲ್ಲರೂ ಚೌಕಟ್ಟಿನವನು ಅನ್ನುತ್ತಿದ್ದರು.

ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುತ್ತದಲ್ಲ. ಒಬ್ಬ ಸೀನುವ ಮುಂಚೆ ಆಕಾಶ ನೋಡುತ್ತಾನೆ. ಒಬ್ಬಳು ಯೋಚನೆ ಮಾಡುವಾಗ ಸೆರಗಿನ ತುದಿ ಕಚ್ಚುತ್ತಾಳೆ. ಇನ್ನೊಬ್ಬ ನಗುವುದಕ್ಕೆ ಮೊದಲು ತೊಡೆ ತಟ್ಟಿ ಆಮೇಲೆ ನಗುತ್ತಾನೆ. ಆ ಊರಲ್ಲಿ ಇದಕ್ಕೆ ವರಸೆ ಅನ್ನುತ್ತಿದ್ದರು. ಚೌಕಟ್ಟಿನವನು ಚೌಕಟ್ಟು ಎತ್ತಿ, ಅದರೊಳಗಿಂದ ಒಬ್ಬರನ್ನು ನೋಡಿ, ಒಮ್ಮೆ ಕಣ್ಣು ಮಿಟುಕಿಸಿದರೆ ಆಯಿತು, ಅವರ ವರಸೆ ಬಂದು ಚೌಕಟ್ಟಿನೊಳಗೆ ಕೂರುತ್ತಿತ್ತು. ಸಂಜೆ ಕಟ್ಟೆ ಹತ್ತಿ ಅದರ ಹಿಂದೆ ತನ್ನ ಮುಖವಿಟ್ಟರೆ ಆ ವರಸೆ ಅವನ ಮುಖದ ಮೇಲೆ ಎದ್ದು ಬರುತ್ತಿತ್ತು. ನೋಡಿದವರ ಮುಖಕ್ಕೂ ಹತ್ತುತ್ತಿತ್ತು. ಅವರು ಅದನ್ನು ಮನೆಗೆ ಒಯ್ದು, ಬಾಗಿಲಿಗೆ ತೂಗುಹಾಕಿದ ತಮ್ಮ ಬಿದಿರಿನ ಚೌಕಟ್ಟಿನ ಹಿಂದೆ ನಿಂತು ದಾರಿಯಲ್ಲಿ ಹೋಗುವವರಿಗೆ ತೋರಿಸುತ್ತಿದ್ದರು. ದಾರಿಯಲ್ಲಿ ಹೋಗುವವರು ಮುಂದಿನ ಬೀದಿಗೆ. ಮುಂದಿನ ಬೀದಿಯಿಂದ ದೋಣಿಗೆ. ದೋಣಿಯಿಂದ ಕೆಳಗಿನ ಊರುಗಳಿಗೆ. ನೀರು ಹರಿದಲ್ಲೆಲ್ಲ ವರಸೆಯೂ ಹರಿಯುತ್ತಿತ್ತು.

ಹಿಂದೆ ಒಂದು ಪದ್ಧತಿ ಇತ್ತು. ಚೌಕಟ್ಟು ಎತ್ತುವ ಮುಂಚೆ ಎದುರಿನವರಿಗೆ ಕೈಮುಗಿದು ‘ಕೊಡ್ತೀರಾ?’ ಅಂತ ಕೇಳಬೇಕು. ಅವರು ‘ತಗೊಳ್ಳಿ’ ಅನ್ನಬೇಕು. ಹಾಗೆ ಕೇಳಿ ತಗೊಂಡ ವರಸೆ ದೀಪದಿಂದ ಹಚ್ಚಿದ ದೀಪದ ಹಾಗೆ ಇಬ್ಬರ ಹತ್ತಿರವೂ ಉಳಿಯುತ್ತಿತ್ತು. ಕೇಳದೆ ತಗೊಂಡರೆ ಏನಾಗುತ್ತದೆ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಕೇಳದೆ ತಗೊಂಡಿರಲಿಲ್ಲ.

ಒಂದು ಸಂಜೆ ಊರ ಯಜಮಾನ ಕಟ್ಟೆಯ ಕೆಳಗೆ ನಿಂತು ಆಕಳಿಸಿದ.

“ಏನಯ್ಯಾ, ನಿನ್ನ ಚೌಕಟ್ಟಿಗೆ ಗೆದ್ದಲು ಹಿಡಿದಿದೆಯಾ? ಬರೀ ಹೆಣದ ಮುಖ ತೋರಿಸ್ತಾ ಇದ್ದೀಯ.”

“ಏನ್ಮಾಡ್ಲಿ ಯಜಮಾನರೇ,” ಅಂದ ಚೌಕಟ್ಟಿನವನು. “ಕೊಡ್ತೀರಾ ಅಂತ ಕೇಳಿದ ತಕ್ಷಣ ಜನ ಹೊಟ್ಟೆ ಒಳಗೆಳ್ಕೋತಾರೆ, ಕೂದಲು ನೇವರಿಸ್ಕೋತಾರೆ. ಹೆಣ್ಣು ನೋಡೋಕೆ ಬಂದ ಗಂಡಿನ ಹಾಗೆ ಕೂತುಬಿಡ್ತಾರೆ. ಕೇಳಿದ್ರೆ ವರಸೆ ಸತ್ತೇ ಹೋಗುತ್ತೆ.”

“ಹಂಗಾದ್ರೆ ಕೇಳಬೇಡ.”

“ಹಿರಿಯರು ಕೇಳಬೇಕು ಅಂದಿದ್ರು.”

“ಯಾಕೆ ಅಂದಿದ್ರು?”

ಚೌಕಟ್ಟಿನವನು ತಲೆ ಕೆರೆದುಕೊಂಡ. ಸುತ್ತ ನಿಂತವರೂ ಕೆರೆದುಕೊಂಡರು.

“ನೋಡು,” ಅಂದ ಯಜಮಾನ, “ಊರಿನವರದ್ದು ಕೇಳಿಯೇ ತಗೋ. ನಾಳೆ ನಮ್ಮ ಮನೆಯವಳು ಗೊರಕೆ ಹೊಡೆಯೋದನ್ನ ಇಲ್ಲಿ ತೋರಿಸಿದ್ರೆ ಕಟ್ಟೆ ಇರಲ್ಲ, ನೀನೂ ಇರಲ್ಲ. ಆದ್ರೆ ಹೊರಗಿನವರು ನಮ್ಮ ಬೀದಿಗೆ ಬಂದು ಮಾಡೋದಕ್ಕೆ ಯಾರನ್ನ ಕೇಳಬೇಕು? ಬೀದಿ ನಮ್ಮದು, ಕಣ್ಣು ನಿನ್ನದು. ಅವರದೇನು ಹೋಯ್ತು?”

ಅವರದೇನು ಹೋಯ್ತು? ಜನ ಈ ಮಾತನ್ನು ಸಕ್ಕರೆಯ ಹಾಗೆ ಹಂಚಿಕೊಂಡು ಮನೆಗೆ ಹೋದರು.

ಮಾರನೆಯ ದಿನದಿಂದ ಚೌಕಟ್ಟಿನವನು ದೋಣಿಗಟ್ಟೆಯ ಆಲದ ಮರದ ಹಿಂದೆ ನಿಲ್ಲತೊಡಗಿದ. ಹಗ್ಗ ಮಾರಲು ಬಂದವನ ಆಕಳಿಕೆ ತಗೊಂಡ. ದೋಣಿ ತಪ್ಪಿಸಿಕೊಂಡ ಹೆಂಗಸು ತನಗೆ ತಾನೇ ಬೈದುಕೊಳ್ಳುವುದನ್ನು ತಗೊಂಡ. ಅಬ್ಬಾ, ಏನು ಜೀವ ಇತ್ತು ಅದರಲ್ಲಿ! ಕಟ್ಟೆಯ ಸುತ್ತ ಜಾಗ ಸಾಲದೆ ಜನ ಒಬ್ಬರ ಹೆಗಲ ಮೇಲೆ ಒಬ್ಬರು ಕೂತರು. ಕೆಳಗಿನವನಿಗೆ ಏನೂ ಕಾಣದಿದ್ದರೂ ಮೇಲಿನವನು ನಕ್ಕ ಅಲುಗಾಟಕ್ಕೇ ಅವನೂ ನಗುತ್ತಿದ್ದ. ತಗೊಂಡದ್ದರಿಂದ ಯಾರಿಗಾದರೂ ಏನಾದರೂ ಹೋಗಿದ್ದರೆ ಅದು ಅವರ ಜೊತೆಗೇ ದೋಣಿ ಹತ್ತಿ ಹೋಗುತ್ತಿತ್ತು. ಊರಿಗೆ ಕಾಣುತ್ತಿರಲಿಲ್ಲ.

ಹೀಗಿರುವಾಗ ದೊಡ್ಡಾಳು ಬಂದ.

ಅವನು ದೋಣಿಯಿಂದ ಇಳಿದಾಗ ದೋಣಿ ಮೊಳದಷ್ಟು ಮೇಲೆ ಬಂತು. ಅವನ ಹೆಗಲು ಬಾಗಿಲಿನಷ್ಟು ಅಗಲ, ಅಂಗೈ ಮೊರದಷ್ಟು. ಆ ಅಂಗೈಗಳ ಮೇಲೆ, ಒಗೆದ ಬಟ್ಟೆಯ ಗಂಟಿನ ಹಾಗೆ, ಅವನ ಮಗಳು ಇದ್ದಳು. ಜ್ವರ ಬಂದು ಬಿಟ್ಟ ಮೇಲೆ ಆ ಹುಡುಗಿಯ ಬುದ್ಧಿ ಎಲ್ಲೋ ದೂರ ಹೋಗಿ ಕೂತಿತ್ತು. ಹಸಿವು ಗೊತ್ತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ನದಿಯ ಮೇಲ್ಗಡೆ ಒಬ್ಬ ವೈದ್ಯನಿದ್ದಾನೆ, ಅವನ ಹತ್ತಿರ ಕರೆದುಕೊಂಡು ಹೋಗಬೇಕು. ಆದರೆ ಮೇಲಕ್ಕೆ ಹೋಗುವ ದೋಣಿ ಪಡುವಣ ಗಾಳಿ ಬೀಸಿದರೆ ಮಾತ್ರ ಹೊರಡುತ್ತದೆ. ಗಾಳಿ ಬರುವ ತನಕ ಇಬ್ಬರೂ ದೋಣಿಗಟ್ಟೆಯ ಛತ್ರದ ಜಗುಲಿಯಲ್ಲಿ ಉಳಿದುಕೊಂಡರು.

ಛತ್ರದಲ್ಲಿ ಅಡುಗೆ ಮಾಡುವ ಮುದುಕಿಯನ್ನು ಛತ್ರದಮ್ಮ ಅನ್ನುತ್ತಿದ್ದರು. ಅವಳು ಹಾಲು ಅನ್ನ ಕಿವುಚಿ ಬಟ್ಟಲಲ್ಲಿ ಕೊಟ್ಟಳು. ದೊಡ್ಡಾಳು ಮಗಳ ಎದುರು ಚಕ್ಕಳಮಕ್ಕಳ ಹಾಕಿ ಕೂತ. ತುತ್ತು ಎತ್ತಿದ. ಎತ್ತಿದ ಕೂಡಲೇ ಅವನ ಬಾಯಿ ತನಗೆ ತಾನೇ ತೆರೆಯಿತು. ಮೀಸೆ ಮೇಲಕ್ಕೆ ಹೋಯಿತು, ಗದ್ದ ಕೆಳಕ್ಕೆ ಇಳಿಯಿತು, ಕಣ್ಣು ಅಗಲವಾಯಿತು, ಆ ದೊಡ್ಡ ಮುಖವೆಲ್ಲ ಒಂದು ಗೂಡಿನ ಹಾಗೆ ತೆರೆದುಕೊಂಡಿತು. ಅದನ್ನು ನೋಡಿ ಹುಡುಗಿಯ ಬಾಯಿಯೂ ತೆರೆಯಿತು. ತುತ್ತು ಒಳಗೆ ಹೋಯಿತು.

ಅವನು ತುತ್ತು ಎತ್ತುವನು. ಅವನ ಬಾಯಿ ತೆರೆಯುವುದು. ಅವಳ ಬಾಯಿ ತೆರೆಯುವುದು.

ಇಡೀ ಲೋಕದಲ್ಲಿ ಆ ಹುಡುಗಿಗೆ ಗೊತ್ತಿದ್ದದ್ದು ಅದೊಂದೇ. ಅದೊಂದು ದಾರಿಯಲ್ಲಿ ಮಾತ್ರ ಅನ್ನ ಅವಳೊಳಗೆ ಹೋಗುತ್ತಿತ್ತು.

ಆಲದ ಮರದ ಹಿಂದೆ ಚೌಕಟ್ಟಿನವನು ನಿಂತು ನೋಡುತ್ತಿದ್ದ. ಅವನಿಗೆ ಅದು ಚಂದ ಕಂಡಿತು. ಅದನ್ನು ಒಪ್ಪಿಕೊಳ್ಳಬೇಕು, ಅವನು ಕೆಟ್ಟವನಲ್ಲ. ಚಂದ ಕಂಡಿತು, ಅದಕ್ಕಿಂತ ಮೊದಲು ನಗುವೂ ಬಂತು. ಆನೆ ಗಾತ್ರದ ಆಳು ಹಕ್ಕಿಮರಿಯ ಹಾಗೆ ಬಾಯಿ ಬಿಡುವುದು! ಹೋಗಿ ಕೇಳಿದರೆ ನಾಚಿಕೊಳ್ಳುತ್ತಾನೆ, ಬಾಯಿ ಮುಚ್ಚಿಕೊಳ್ಳುತ್ತಾನೆ. ಚೌಕಟ್ಟು ಎತ್ತಿದ. ಕಣ್ಣು ಮಿಟುಕಿಸಿದ.

ಆ ಸಂಜೆ ಆದದ್ದನ್ನು ಹೇಳಿದರೆ ನೀವು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಚೌಕಟ್ಟಿನ ಹಿಂದೆ ಬಾಯಿ ತೆರೆದ ಕೂಡಲೇ ಊರು ನಕ್ಕ ರಭಸಕ್ಕೆ ಕಟ್ಟೆಯ ಕಲ್ಲುಗಳು ಸಡಿಲವಾದವು. ಯಜಮಾನನ ಪಂಚೆ ಬಿಚ್ಚಿಹೋಯಿತು. ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದರಿಂದ ಪಂಚೆ ಹಿಡಿಯಲು ಅವನಿಗೆ ಮೂರನೆಯ ಕೈ ಇರಲಿಲ್ಲ. ಮರದ ಮೇಲಿನ ಕಾಗೆಗಳು ನೋಡಿ ತಾವೂ ಬಾಯಿ ತೆರೆದು, ಕೊಕ್ಕಿನಲ್ಲಿದ್ದ ವಡೆಗಳನ್ನು ಬೀಳಿಸಿಕೊಂಡವು. ಆಮೇಲೆ ಮನೆಮನೆಯ ಬಿದಿರಿನ ಚೌಕಟ್ಟಿನಲ್ಲೂ ಅದೇ. ಮಾವ ಸೊಸೆಗೆ ತೋರಿಸಿದ. ಸೊಸೆ ನೆರೆಯವಳಿಗೆ ತೋರಿಸಿದಳು. ಊಟಕ್ಕೆ ಕೂತವರು ಒಬ್ಬರಿಗೊಬ್ಬರು ತುತ್ತು ಎತ್ತಿ ಬಾಯಿ ತೆರೆದು ಬಿದ್ದು ಬಿದ್ದು ನಕ್ಕರು. ಕತ್ತಲಾಗುವ ಮುಂಚೆ ಕೆಳಗಿನ ಊರಿಗೆ ಹೊರಟ ದೋಣಿಯ ಮೂತಿಯಲ್ಲಿ ಒಂದು ಚೌಕಟ್ಟು, ಚೌಕಟ್ಟಿನೊಳಗೆ ದೋಣಿಯವನ ತೆರೆದ ಬಾಯಿ.

ಬೆಳಿಗ್ಗೆ ದೊಡ್ಡಾಳು ಮಗಳ ಎದುರು ಕೂತ. ತುತ್ತು ಎತ್ತಿದ. ಅವನ ತುಟಿಗಳು ಒಂದಕ್ಕೊಂದು ಅಂಟಿಕೊಂಡವು.

ಕೈ ಇಳಿಸಿದ. ಬಾಯಿ ಬಂತು. “ಅಮ್ಮಾ, ನೀರು ಕೊಡಿ” ಅಂತ ಛತ್ರದಮ್ಮನನ್ನು ಕೇಳಿದ, ಕುಡಿದ. ಮತ್ತೆ ತುತ್ತು ಎತ್ತಿದ. ಹೊಲಿದ ಚೀಲದ ಹಾಗೆ ತುಟಿಗಳು ಮುಚ್ಚಿಕೊಂಡವು. ಎಡಗೈ ಬೆರಳು ತೂರಿಸಿ ಬಾಯಿಯನ್ನು ಬಿಡಿಸಿ ಹಿಡಿದ. ಅದು ಬಾಯಿಯಾಗಿರಲಿಲ್ಲ, ಬರೀ ತೂತಾಗಿತ್ತು. ಹುಡುಗಿ ಅದರಾಚೆ ಎಲ್ಲೋ ನೋಡುತ್ತಿದ್ದಳು.

ಅವನು ತುತ್ತು ಎತ್ತುವನು. ಅವನ ಬಾಯಿ ತೆರೆಯದು. ಅವಳ ಬಾಯಿ ತೆರೆಯದು.

ಅಂದೂ ಹಾಗೇ, ಮರುದಿನವೂ ಹಾಗೇ. ಛತ್ರದಮ್ಮ ಬಾಯಿ ತೆರೆದು ತೋರಿಸಿದಳು. ಅವಳದು ಬೇರೆಯವರ ಬಾಯಿ, ಹುಡುಗಿ ನೋಡಲಿಲ್ಲ. ಹಲ್ಲಿನ ಸಂದಿಯಿಂದ ಹಾಲು ಬಿಟ್ಟರೆ ಗದ್ದದಿಂದ ಇಳಿದು ಹೋಯಿತು. ಕೊನೆಗೆ ಛತ್ರದಮ್ಮನೇ ಬೀದಿಯಲ್ಲಿ ಕೇಳಿದ್ದನ್ನೆಲ್ಲ ಅವನಿಗೆ ಹೇಳಿ, ಚೌಕಟ್ಟಿನವನ ಮನೆ ಯಾವುದು ಅಂತ ತೋರಿಸಿದಳು.

ಚೌಕಟ್ಟಿನವನು ಬಾಗಿಲು ತೆರೆದಾಗ ಎದುರಿಗೆ ಬಾಗಿಲೇ ಇನ್ನೊಂದು ನಿಂತ ಹಾಗೆ ದೊಡ್ಡಾಳು ನಿಂತಿದ್ದ. ಹೊಡೆಯುತ್ತಾನೆ ಅಂತ ಹೆದರಿ ಚೌಕಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟ. ದೊಡ್ಡಾಳು ಹೊಡೆಯಲಿಲ್ಲ. ಕೈಯಲ್ಲಿ ಬಟ್ಟಲಿತ್ತು.

“ಅಣ್ಣಾ, ನೀವು ತಗೊಂಡಿದ್ದು ನಂಗೆ ವಾಪಸ್ ಬೇಕು.”

“ನಾನೇನು ತಗೊಂಡೆ? ಸುಮ್ನೆ ನೋಡಿದೆ, ಅಷ್ಟೇ.”

“ಬೇರೆ ಏನಾದ್ರೂ ತಗೊಳ್ಳಿ ಅಣ್ಣಾ. ನಾನು ನಗೋದು ತಗೊಳ್ಳಿ. ನಡೆಯೋದು ತಗೊಳ್ಳಿ, ನಾನು ತೆವಳ್ಕೊಂಡು ಹೋಗ್ತೀನಿ. ಅದೊಂದು ಕೊಟ್ಬಿಡಿ. ಮಗು ಉಣ್ಣಬೇಕು.”

“ಜನಕ್ಕೆ ನಿನ್ನ ಮೇಲೆ ಎಷ್ಟು ಪ್ರೀತಿ ಬಂದಿದೆ ಗೊತ್ತಾ? ಮನೆಮನೇಲೂ ನೀನೇ!”

“ಮನೆಮನೇಲಿ ಇದೆ ಅಣ್ಣಾ,” ಅಂದ ದೊಡ್ಡಾಳು. “ನನ್ ಹತ್ರ ಇಲ್ಲ.”

ಚೌಕಟ್ಟಿನವನು ಅವನ ಹಿಂದೆ ಛತ್ರಕ್ಕೆ ಹೋದ. ನೋಡೋಣ, ಏನೋ ನೆಪ ಹೇಳುತ್ತಿರಬೇಕು ಅಂದುಕೊಂಡೇ ಹೋದ. ಜಗುಲಿಯ ಮೇಲೆ ಹುಡುಗಿ ಕೂತಿದ್ದಳು, ಅಲ್ಲ, ಕೂರಿಸಿದ್ದರು. ದೊಡ್ಡಾಳು ತುತ್ತು ಎತ್ತಿದ. ಚೌಕಟ್ಟಿನವನು ಅದನ್ನು ಚೌಕಟ್ಟಿಲ್ಲದೆ ನೋಡಿದ. ಹಿರಿಯರು ಯಾಕೆ ಕೇಳು ಅಂದಿದ್ದರು ಅನ್ನುವುದು ಅವನಿಗೆ ಆಗ ಗೊತ್ತಾಯಿತು. ಅವನು ಛತ್ರದಮ್ಮನ ಕಡೆ ತಿರುಗಿದ.

“ಛತ್ರದಮ್ಮಾ, ಇದನ್ನ ವಾಪಸ್ ಕೊಡೋದು ಹೆಂಗೆ?”

“ನನ್ನನ್ನ ಕೇಳ್ತೀಯಲ್ಲೋ! ಎಲ್ಲೆಲ್ಲಿ ಹಂಚಿದ್ಯೋ ಅಲ್ಲಿಂದ ಆರಿಸ್ಕೊಂಡು ಬಾ. ಒಬ್ಬೊಬ್ಬರೂ ಇವನ ಮುಂದೆ ನಿಂತು, ಕೊನೇ ಸಲ ಬಾಯಿ ತೆರೆದು, ‘ನಿಮ್ಮದು ನಿಮಗೆ’ ಅನ್ನಬೇಕು. ಹರಡಿದ ಅಕ್ಕಿನ ಹಂಗೇ ತಾನೇ ಎತ್ತೋದು? ಒಂದೊಂದೇ ಕಾಳು.”

ಅವನು ಮನೆಮನೆಗೆ ಹೋದ.

ಮೊದಲ ಮನೆಯವಳು ಅಂದಳು: “ನಾನೆಲ್ಲಿ ತಗೊಂಡೆ? ನೀನು ಕೊಟ್ಟೆ, ಇಸ್ಕೊಂಡೆ.”

ಪಕ್ಕದ ಮನೆಯವನು ಅಂದ: “ನಾನು ಹೊರಗೆ ಯಾರಿಗೂ ತೋರಿಸಿಲ್ಲಪ್ಪ. ಮನೆಯೊಳಗೆ, ನಮ್ಮ ನಮ್ಮವರಿಗೆ ಮಾತ್ರ.”

ಇನ್ನೊಬ್ಬಳು ಕಣ್ಣೀರು ಹಾಕಿ, ಅಯ್ಯೋ ಪಾಪ, ಅಂದು, ಆ ಕಣ್ಣೀರಿನ ನಡುವೆಯೇ ಒಮ್ಮೆ ಬಾಯಿ ತೆರೆದು ನೋಡಿಕೊಂಡಳು.

ಯಜಮಾನ ರೇಗಿದ. “ಬೀಗರು ಬಂದಾಗೆಲ್ಲ ಅದನ್ನೇ ತೋರಿಸು ಅಂತಾರೆ. ಈಗ ಕೊಟ್ಬಿಟ್ರೆ ನಾನೇನು ಅವರ ಮುಂದೆ ಗೋಡೆ ನೋಡ್ಕೊಂಡು ಕೂತಿರ್ಲಾ? ಅಷ್ಟು ಗುಟ್ಟಿಂದಾಗಿದ್ರೆ ಅವನು ಬಾಗಿಲು ಹಾಕ್ಕೊಂಡು ಉಣಿಸಬೇಕಿತ್ತು.”

“ಛತ್ರಕ್ಕೆ ಬಾಗಿಲಿಲ್ಲ ಯಜಮಾನರೇ, ಜಗುಲಿ ಅದು.”

“ಅದು ಅವನ ಕರ್ಮ.”

ಆದರೂ ಅವನು ಬಿಡಲಿಲ್ಲ. ಕಾಲು ಹಿಡಿದ, ಗಡ್ಡ ಹಿಡಿದ, ಇನ್ನು ಮೇಲೆ ಕಟ್ಟೆಯನ್ನೇ ಹತ್ತುವುದಿಲ್ಲ ಅಂತ ಹೆದರಿಸಿದ. ಕಟ್ಟೆ ಖಾಲಿಯಾಗುತ್ತದೆ ಅನ್ನುವುದಕ್ಕೆ ಊರು ಹೆದರಿತು. ಮಧ್ಯಾಹ್ನದ ಹೊತ್ತಿಗೆ ಸಾಲಾಗಿ ಛತ್ರಕ್ಕೆ ಬಂದರು. ಗೊಣಗಿಕೊಂಡು ಯಜಮಾನನೂ ಬಂದ. ಒಬ್ಬೊಬ್ಬರೇ ದೊಡ್ಡಾಳಿನ ಮುಂದೆ ನಿಂತರು. ಬಾಯಿ ತೆರೆದರು. ನಿಮ್ಮದು ನಿಮಗೆ. ಬಾಯಿ ತೆರೆದರು. ನಿಮ್ಮದು ನಿಮಗೆ. ಮುದುಕರ ಬಾಯಿ, ಹಲ್ಲಿಲ್ಲದ ಬಾಯಿ, ಎಲೆಅಡಿಕೆಯ ಕೆಂಪು ಬಾಯಿ. ಜಗುಲಿಯ ಸುತ್ತ ತೆರೆದ ಬಾಯಿಗಳೇ ಬಾಯಿಗಳು. ನಡುವೆ ಮುಚ್ಚಿದ ಬಾಯಿ ಎರಡೇ, ಅಪ್ಪನದು ಮತ್ತು ಮಗಳದು.

ದೊಡ್ಡಾಳಿನ ಕೆಳತುಟಿ ಅಲುಗಿತು. ಇನ್ನೂ ಕೆಲವರು ಬಂದರು. ಅಂಚಿನಲ್ಲಿ ಒಂದು ಗೆರೆಯಷ್ಟು ಬಿರುಕು ಬಿಟ್ಟಿತು. ಅಷ್ಟೇ. ಊರಲ್ಲಿದ್ದದ್ದು ಮುಗಿಯಿತು. ಉಳಿದದ್ದೆಲ್ಲ ನೀರಿನ ಮೇಲೆ ಹೋಗಿತ್ತು.

ದೊಡ್ಡಾಳು ತುತ್ತು ಎತ್ತಿದ. ಆ ಗೆರೆಯಷ್ಟು ಬಿರುಕನ್ನು ದೊಡ್ಡದು ಮಾಡಲು ಹೆಣಗಿದ. ಕುತ್ತಿಗೆಯ ನರ ಉಬ್ಬಿತು, ಮೂಗು ಅರಳಿತು, ಮೀಸೆ ನಡುಗಿತು. ಆಗದೆ ಹೋದಾಗ ಅವನು ಅತ್ತ. ತುತ್ತು ಹಿಡಿದ ಕೈಯನ್ನು ಮೇಲೆತ್ತಿಕೊಂಡೇ, ಮುಚ್ಚಿದ ಬಾಯಿಯಿಂದ, ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಬುಸುಬುಸು ಅಂತ ಅತ್ತ.

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಚೌಕಟ್ಟಿನವನು ತಿರುಗಿ ನೋಡಿದ. ಜನರ ಹೆಗಲುಗಳ ಮೇಲೆ, ಬಿದಿರಿನದು, ಕಡ್ಡಿಯದು, ಬರೀ ಬೆರಳು ಜೋಡಿಸಿ ಮಾಡಿಕೊಂಡದ್ದು, ಚೌಕಟ್ಟುಗಳು ಎದ್ದಿದ್ದವು. ಚೌಕಟ್ಟುಗಳ ಹಿಂದೆ ಕಣ್ಣುಗಳು ಮಿಟುಕಿದವು.

“ಬೇಡ್ರೋ!” ಅಂತ ಕೂಗಿದ. “ಇಳಿಸ್ರೋ!”

“ನೀನು ಮಾಡಿದ್ರೆ ಕಲೆ, ನಾವು ಮಾಡಿದ್ರೆ ತಪ್ಪಾ?” ಅಂತ ಯಜಮಾನ ಕೇಳಿದ. ಅವನ ಕೈಯಲ್ಲಿದ್ದ ಚೌಕಟ್ಟಿಗೆ ಹಿತ್ತಾಳೆಯ ಅಂಚಿತ್ತು.

ದೊಡ್ಡಾಳಿನ ಅಳು ನಡುವೆಯೇ ನಿಂತುಹೋಯಿತು. ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರು ಅಲ್ಲೇ ಆರಿತು. ಅವನು ಕೆನ್ನೆ ಮುಟ್ಟಿ ನೋಡಿಕೊಂಡ, ಕೈಯಲ್ಲಿದ್ದ ಏನನ್ನೋ ಕಳಕೊಂಡವನ ಹಾಗೆ. ಆ ಸಂಜೆ ಊರೆಲ್ಲ ಬಾಯಿ ಮುಚ್ಚಿಕೊಂಡು ಬುಸುಬುಸು ಅಳುವ ಆಟ ಆಡಿತು. ಬಾಯಿ ತೆರೆಯುವುದಕ್ಕಿಂತ ಇದು ಚೆನ್ನಾಗಿದೆ ಅಂತಲೂ ಕೆಲವರು ಹೇಳಿದರು.

ಚೌಕಟ್ಟಿನವನು ಛತ್ರದಲ್ಲೇ ಉಳಿದ. ಬೆಳಗಾಗುವ ಹೊತ್ತಿಗೆ ಹುಡುಗಿಯ ಉಸಿರು ದೀಪದ ಹೊಗೆಯಷ್ಟು ತೆಳ್ಳಗಾಗಿತ್ತು. ಛತ್ರದಮ್ಮ ಕೊನೆಯ ಸಲ ಅನ್ನ ಕಿವುಚಿ ಬಟ್ಟಲು ಕೊಟ್ಟಳು. ಅವನಿಗೆ ಒಂದು ಉಪಾಯ ಹೊಳೆಯಿತು. ವರಸೆಯ ಮೊದಲ ಪಾಲು ಇನ್ನೂ ತನ್ನ ಮುಖದಲ್ಲೇ ಇದೆ. ಸಾಲಿನಲ್ಲಿ ತಾನೂ ನಿಂತು ‘ನಿಮ್ಮದು ನಿಮಗೆ’ ಅಂದಿದ್ದ, ಆದರೆ ಯಾಕೋ ಅದು ಅವನ ಮುಖ ಬಿಟ್ಟು ಬಂದಿರಲಿಲ್ಲ. ಅವನು ದೊಡ್ಡಾಳಿನ ಹಿಂದೆ ಹೋಗಿ ಮಂಡಿಯೂರಿ, ತನ್ನ ಗದ್ದವನ್ನು ಅವನ ಹೆಗಲ ಮೇಲೆ ಇಟ್ಟ. ಚೌಕಟ್ಟು ಹಿಡಿಯಲಿಲ್ಲ.

“ಕೊಡ್ತೀರಾ?” ಅಂತ ಕೇಳಿದ. ತನ್ನ ಜೀವಮಾನದಲ್ಲಿ ಅಷ್ಟು ಮೆಲ್ಲಗೆ ಅವನು ಯಾರನ್ನೂ ಕೇಳಿರಲಿಲ್ಲ.

ದೊಡ್ಡಾಳು ತಿರುಗಲಿಲ್ಲ. “ತಗೊಳ್ಳಿ” ಅಂದ.

ದೊಡ್ಡಾಳು ತುತ್ತು ಎತ್ತಿದ. ಹೆಗಲ ಮೇಲಿನ ಬಾಯಿ ತೆರೆಯಿತು. ಕೈ ಒಬ್ಬನದು, ಬಾಯಿ ಇನ್ನೊಬ್ಬನದು. ಹುಡುಗಿಯ ಕಣ್ಣು ಕೈಯಿಂದ ಮೇಲಕ್ಕೆ ಬಂತು, ಹೆಗಲಿಗೆ ಬಂತು, ತೆರೆದ ಬಾಯಿಗೆ ಬಂತು, ಅಲ್ಲಿ ನಿಂತಿತು. ಆಮೇಲೆ ಅವಳ ಒಣಗಿದ ತುಟಿಗಳು ಬಿಟ್ಟುಕೊಂಡವು. ಅಪ್ಪ ಒಂದು ತುತ್ತು ಇಟ್ಟ. ಅವಳು ನುಂಗಿದಳು. ಅಪ್ಪನ ಎದೆಗೆ ಒರಗಿ ಮಲಗಿದಳು. ಮತ್ತೆ ಏಳಲಿಲ್ಲ.

ಮಣ್ಣು ಮಾಡುವಾಗ ಊರಿನವರು ಬಂದು ದೂರದಲ್ಲಿ ನಿಂತರು. ದೊಡ್ಡಾಳಿನ ಕಣ್ಣಲ್ಲಿ ಒಂದು ಹನಿ ಇಲ್ಲ. ನೋಡಿದ್ಯಾ ಅವನ ಕಲ್ಲೆದೆ, ಅಂತ ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಹೆತ್ತ ಮಗಳು ಸತ್ತರೂ ಅಳಲಿಲ್ಲ, ಅಂತ ಎಲ್ಲರೂ ಹೇಳಿಕೊಂಡು ಹೋದರು. ಅವರೆಲ್ಲರ ಮನೆಯಲ್ಲೂ ಅವನ ಅಳು ಬಾಗಿಲಿಗೆ ತೂಗುತ್ತಿತ್ತು. ಮಾರನೆಯ ದಿನ ಪಡುವಣ ಗಾಳಿ ಬೀಸಿತು. ಮೇಲಕ್ಕೆ ಹೋಗುವ ದೋಣಿ ಖಾಲಿಯೇ ಹೋಯಿತು. ದೊಡ್ಡಾಳು ಅದೇ ಗಾಳಿಗೆ ಬೆನ್ನು ಕೊಟ್ಟು ಹೊಲಗಳ ಮೇಲೆ ನಡೆದುಕೊಂಡು ಹೋದ; ಎಲ್ಲಿಗೆ ಅಂತ ಯಾರೂ ಕೇಳಲಿಲ್ಲ, ಆ ಊರಿಗೆ ಕೇಳುವ ಅಭ್ಯಾಸ ತಪ್ಪಿಹೋಗಿತ್ತು.

ಚೌಕಟ್ಟಿನವನು ಕೆಳಕ್ಕೆ ಹೋದ. ನದಿಯ ಜೊತೆಗೆ, ಊರಿಂದ ಊರಿಗೆ, ಉಳಿದದ್ದನ್ನು ಆರಿಸಿಕೊಳ್ಳಲು. ಮೊದಲ ಊರಲ್ಲಿ, ಅದು ಯಾರದ್ದು ಅಂತ ನಮಗೇನು ಗೊತ್ತು, ಅಂದರು. ಅದರಾಚೆಯ ಊರಲ್ಲಿ, ಅದು ನಮ್ಮ ದೋಣಿಯವನದೇ, ಅಂದರು. ಸಮುದ್ರದ ಹತ್ತಿರದ ಊರಲ್ಲಿ ಮದುವೆಯ ಊಟ ನಡೆಯುತ್ತಿತ್ತು. ಗಂಡು ಹೆಣ್ಣು ಒಬ್ಬರಿಗೊಬ್ಬರು ತುತ್ತು ಎತ್ತಿ ಹಿಡಿದು, ಮೀಸೆ ಮೇಲಕ್ಕೆ ಹೋಗುವಷ್ಟು, ಗದ್ದ ಕೆಳಕ್ಕೆ ಇಳಿಯುವಷ್ಟು ಬಾಯಿ ತೆರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಇದನ್ನ ಒಬ್ಬ ಅಪ್ಪನಿಗೆ ವಾಪಸ್ ಕೊಡಬೇಕು,” ಅಂದ ಅವನು.

“ಯಾವ ಅಪ್ಪ?” ಅಂತ ಮದುವೆ ಮನೆಯ ಹಿರಿಯಳು ಕೇಳಿದಳು. “ಇದು ನಮ್ಮ ಮುತ್ತಜ್ಜಿ ಕಾಲದಿಂದ ನಮ್ಮಲ್ಲಿ ನಡ್ಕೊಂಡು ಬಂದಿರೋ ಶಾಸ್ತ್ರ. ಕೂತ್ಕೊಳ್ಳಪ್ಪ, ಊಟ ಮಾಡು.”

ಅವನ ಮುಂದೆ ಎಲೆ ಹಾಕಿದರು. ಅನ್ನ ಬಡಿಸಿದರು. ಅವನು ತುತ್ತು ಎತ್ತಿದ. ತನಗೆ ತಾನು ಎತ್ತಿಕೊಂಡ ತುತ್ತಿಗೂ ಅವನ ಮುಖ ಗೂಡಿನ ಹಾಗೆ ತೆರೆದುಕೊಂಡಿತು, ಮುಚ್ಚಲಿಲ್ಲ. ಎದುರು ಸಾಲಿನವರು ನೋಡಿ, ಭಲೇ, ನಮ್ಮೆಲ್ಲರಿಗಿಂತ ಚೆನ್ನಾಗಿ ಮಾಡ್ತಾನೆ, ಅಂದರು.

ನಡೆದದ್ದು ಇಷ್ಟು. ಹೇಳಿದ್ದೆಲ್ಲ ನಿಜ. ಒಂದು ಸಣ್ಣ ಸಂಗತಿ ಮಾತ್ರ ನಾನು ಕೈಯಿಂದ ಸೇರಿಸಿದ್ದು. ಇಷ್ಟು ಹೊತ್ತು ಕೂತು ಕೇಳಿದ್ದೀರಿ, ಬರಿಹೊಟ್ಟೆಯಲ್ಲಿ ಕಳಿಸಲು ಮನಸ್ಸಾಗಲಿಲ್ಲ.

ಆ ಹುಡುಗಿ ಕೊನೆಗೆ ಒಂದು ತುತ್ತು ನುಂಗಿದಳು ಅಂದೆನಲ್ಲ, ಅದು. ಅವಳು ಹೆಗಲ ಮೇಲಿನ ಬಾಯಿಯನ್ನು ನೋಡಿದ್ದು ನಿಜ. ತುಂಬ ಹೊತ್ತು ನೋಡಿದಳು. ಇದು ಅಪ್ಪನದೇ, ಆದರೆ ಅಪ್ಪನಲ್ಲ ಅನ್ನುವುದು ಅವಳಿಗೆ ತಿಳಿಯಿತು. ಮುಖ ತಿರುಗಿಸಿದಳು.